ಬೀರೇಶನ ತಾಯಿಗೆ ನೀವೇ ಬಂದು ಹೇಳಿ

ಬೇಸಿಗೆ ಮುನ್ನೆಚ್ಚರಿಕೆಯ ಹೊಣೆ ಹೊತ್ತಿರುವ ಮಾನ್ಯ ಅಧಿಕಾರಿಗಳೇ,

ಕಳೆದ ಬೇಸಿಗೆಯಲ್ಲಿ ನಮ್ಮೂರಿನ ಬೀರೇಶ ಕಾಡಿನ ಬೆಂಕಿ ಆರಿಸಿ, ನಡೆದುಕೊಂಡೇ ಮನೆಗೆ ಬಂದ. ಮೈಮೇಲೆ ಒಂದು ಬೊಬ್ಬೆ ಇರಲಿಲ್ಲ. ಮಾರನೆಯ ದಿನ ಸತ್ತ. ಅವನು ಸತ್ತದ್ದು ತಾಪಕ್ಕೆ. ತಾಪ ತಲೆಗೇರಿದವನಿಗೆ ಏನು ಮಾಡಬೇಕು, ಏನು ಮಾಡಬಾರದು ಎಂಬುದು ನಿಮ್ಮ ಕಚೇರಿಗೆ ಚೆನ್ನಾಗಿ ಗೊತ್ತಿತ್ತು, ನಮಗೆ ಗೊತ್ತಿರಲಿಲ್ಲ. ಗೊತ್ತಿಲ್ಲದವರಿಗೆ ತಿಳಿಸಲಿ ಎಂದೇ ಸರ್ಕಾರ ನಿಮ್ಮನ್ನು ಆ ಕುರ್ಚಿಯಲ್ಲಿ ಕೂರಿಸಿದೆ. ನೀವು ತಿಳಿಸಲಿಲ್ಲ. ನನ್ನ ದೂರು ಇಷ್ಟೇ. ಈಗ ಮತ್ತೆ ಬೇಸಿಗೆ ಬಂದಿದೆ, ಕಾಡಂಚಿನ ಹುಲ್ಲು ಒಣಗಿ ನಿಂತಿದೆ, ನೀವು ಇನ್ನೂ ನಮ್ಮ ಕಡೆ ತಲೆ ಹಾಕಿಲ್ಲ.

ನಾನು ತಮಿಳುನಾಡಿನ ಗಡಿಯಲ್ಲಿ, ತಳಿ ಎಂಬ ಊರಿನಿಂದಾಚೆ ಕಾಡಿಗೆ ಅಂಟಿಕೊಂಡಿರುವ ಒಂದು ಊರಿನವನು. ಹೊಸೂರಿನ ಕಾರ್ಖಾನೆಯೊಂದರಲ್ಲಿ ಶಿಫ್ಟ್ ಕೆಲಸ, ಊರಲ್ಲಿ ಒಂದಿಷ್ಟು ರಾಗಿ, ಕೋಸು. ಇದೇ ವಿಷಯಕ್ಕೆ ಎರಡು ಸಲ ತಮಿಳಿನಲ್ಲಿ ಅರ್ಜಿ ಬರೆದು, ಸರದಿಯಲ್ಲಿ ನಿಂತು ಕೊಟ್ಟು ಬಂದಿದ್ದೇನೆ. ಉತ್ತರವಿಲ್ಲ. ಈ ಸಲ ಪತ್ರಿಕೆಗೆ ಕನ್ನಡದಲ್ಲಿ ಬರೆಯುತ್ತಿದ್ದೇನೆ ಅಂದರೆ ಭಾಷೆಯ ಜಗಳ ತೆಗೆಯುತ್ತಿದ್ದೇನೆ ಎಂದುಕೊಳ್ಳಬೇಡಿ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು, ಕಚೇರಿಯಲ್ಲಿ ತಮಿಳು ಆಡಿಕೊಂಡು ನಾವು ಮೂರರಲ್ಲೂ ಸುಖವಾಗಿಯೇ ಇದ್ದೇವೆ. ನೀವು ಓದದಿದ್ದರೆ ನಮ್ಮವರಾದರೂ ಓದಲಿ, ಓದಿದವರಲ್ಲಿ ಯಾರಾದರೂ ನಿಮ್ಮ ಕಿವಿಗೆ ಹಾಕಲಿ ಎಂಬ ಆಸೆಯಿಂದ ಬರೆಯುತ್ತಿದ್ದೇನೆ.

ಬೀರೇಶ ಸತ್ತ ಮೇಲೆ ನಿಮ್ಮ ಕಚೇರಿಗೆ ಬಂದಿದ್ದೆ. ಮೇಜಿನ ಹಿಂದೆ ಕೂತಿದ್ದ ನಿಮ್ಮ ಸಿಬ್ಬಂದಿ ಒಳ್ಳೆಯ ಮನುಷ್ಯ, ಕೂರಲು ಹೇಳಿ ನೀರು ಕೊಟ್ಟರು. ಊರು ಯಾವುದೆಂದು ಕೇಳಿ, ಹೇಳಿದೊಡನೆ ನಕ್ಕರು. ನಿಮ್ಮ ಕಡೆ ಬಿಸಿಲು ಎಲ್ಲಿದೆ ಸಾರ್, ಬೇಸಿಗೆ ಬಂದರೆ ನಾವೇ ಮನೆಮಂದಿಯನ್ನೆಲ್ಲ ಕರೆದುಕೊಂಡು ಅಲ್ಲಿಗೆ ಬರುತ್ತೇವಲ್ಲ ಎಂದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ನಾವೂ ಅದನ್ನೇ ಹೇಳಿಕೊಂಡು ಬೀಗಿದವರು. ಕೆಳಗಿನ ಮತ್ತಿಗಿರಿಯ ನೆಂಟರು ಬಂದರೆ ರಾತ್ರಿ ಅವರ ಕೈಗೆ ಕಂಬಳಿ ಕೊಡುವಾಗ ನಮ್ಮವರ ಮುಖದಲ್ಲಿ ಒಂದು ಗತ್ತು ಇರುತ್ತದೆ, ನೋಡಿ ನಮ್ಮೂರು ಹೇಗಿದೆ ಎನ್ನುವ ಹಾಗೆ. ಆದರೆ ಕೆಲವು ವರ್ಷಗಳಿಂದ ನಮ್ಮ ರಾತ್ರಿಯೇ ಬೇರೆ, ಹಗಲೇ ಬೇರೆ. ರಾತ್ರಿ ಹೊದೆಯಬೇಕು, ಮಧ್ಯಾಹ್ನ ಹೊಲದಲ್ಲಿ ಪೈಪು ಮುಟ್ಟಿದರೆ ಕೈ ಚುರ್ ಎನ್ನುತ್ತದೆ. ಕೆಳಗಿನ ಊರುಗಳಲ್ಲಿ ನೀರಿನ ಪಂದಲು, ಅಂದರೆ ಅರವಟ್ಟಿಗೆ, ಹಾಕಿಸಿದ್ದೀರಿ, ಗೋಡೆಗೆ ಎಚ್ಚರಿಕೆಯ ಚೀಟಿ ಅಂಟಿಸಿದ್ದೀರಿ, ಓಆರ್‌ಎಸ್ ಪೊಟ್ಟಣ ಹಂಚಿದ್ದೀರಿ. ಸಂತೋಷ. ನಮ್ಮ ಎತ್ತರದ ಊರುಗಳನ್ನು ತಂಪು ಪ್ರದೇಶ ಎಂದು ಬಿಟ್ಟಿದ್ದೀರಿ. ಬಿಸಿಲಿಗೂ ಆ ನಿರ್ಧಾರದ ಒಂದು ಪ್ರತಿ ಕಳಿಸಿದ್ದೀರಾ? ಇದು ತಂಪು ಪ್ರದೇಶ, ಒಳಗೆ ಬರಬೇಡ ಎಂದು ಅದಕ್ಕೆ ಹೇಳಲು ತಳಿ ರಸ್ತೆಯಲ್ಲಿ ಯಾರನ್ನಾದರೂ ನಿಲ್ಲಿಸಿದ್ದೀರಾ?

ನೀವು ಏನೂ ಮಾಡಲಿಲ್ಲ ಎಂದರೆ ಸುಳ್ಳಾಗುತ್ತದೆ. ಕಳೆದ ವರ್ಷ ಶಿವರಾತ್ರಿಗೆ ಮುಂಚೆ ನಿಮ್ಮವರು ಬಂದು ಶಾಲೆಯಲ್ಲಿ ಕಾಡ್ಗಿಚ್ಚಿನ ಜಾಗೃತಿ ಸಭೆ ಮಾಡಿದರು. ಹೊಲಕ್ಕೆ ಹೋಗುವವರು ಹೊಲಕ್ಕೆ, ಗುಲಾಬಿ ತೋಟಕ್ಕೆ ಹೋಗುವ ಹೆಂಗಸರು ತೋಟಕ್ಕೆ, ನಮ್ಮಂಥವರು ಕಾರ್ಖಾನೆಗೆ ಹೋದ ಮೇಲೆ, ಹಗಲು ಹೊತ್ತಿನಲ್ಲಿ ಶುರು ಮಾಡಿದರು. ಇದ್ದವರು ಮಕ್ಕಳು, ಮೇಷ್ಟ್ರು, ಮತ್ತು ಚಹಾ ಕೊಡುವ ಕಡೆ ತಪ್ಪದೆ ಹಾಜರಾಗುವ ದೊಡ್ಡವೆಂಕಟಪ್ಪ. ಕಾಡಿಗೆ ಬೆಂಕಿ ಇಟ್ಟರೆ ಯಾವ ಕಲಂ, ಎಷ್ಟು ಶಿಕ್ಷೆ ಎಂದು ಉದ್ದಕ್ಕೂ ಹೇಳಿದರಂತೆ. ಕೊನೆಗೆ ಎಲ್ಲರ ತಲೆಗೂ ಒಂದೊಂದು ಟೋಪಿ ಇಟ್ಟು ಫೋಟೋ ತೆಗೆದರಂತೆ. ದೊಡ್ಡವೆಂಕಟಪ್ಪ ಟೋಪಿ ಸರಿಮಾಡಿಕೊಳ್ಳುತ್ತಾ, ಬೆಂಕಿ ಬಿದ್ದರೆ ನಾವೇನು ಮಾಡಬೇಕು ಸಾಮಿ ಎಂದು ಕೇಳಿದ. ಈ ನಂಬರಿಗೆ ಫೋನು ಮಾಡಿ ತಿಳಿಸಿ ಎಂದರು. ನಾವು ತಿಳಿಸುತ್ತೇವೆ, ಯಾವಾಗಲೂ ತಿಳಿಸಿದ್ದೇವೆ. ಆ ನಂಬರಿನವರು ನಮ್ಮ ಗಾರ್ಡಿಗೆ ತಿಳಿಸುತ್ತಾರೆ. ಅಷ್ಟು ದೊಡ್ಡ ಕಾಡಿಗೆ ಒಬ್ಬನೇ ಆಗಿರುವ ಆ ಗಾರ್ಡು, ಪಾಪ, ನಮಗೇ ಫೋನು ಮಾಡಿ ಜನ ಬೇಕು, ಬನ್ನಿ ಎನ್ನುತ್ತಾನೆ. ಫೈರ್ ಇಂಜಿನ್ ಬರುತ್ತದೆ, ಡಾಂಬರು ಮುಗಿದ ಕಡೆ ನಿಲ್ಲುತ್ತದೆ. ಅಲ್ಲಿಂದ ಮುಂದಕ್ಕೆ ಫೈರ್ ಇಂಜಿನ್ ಅಂದರೆ ನಾವೇ. ನಮ್ಮನ್ನು ನಂಬಿ ಇಡೀ ಕಾಡನ್ನು ಬಿಟ್ಟಿರುವ ನೀವು, ನಮಗೆ ಒಂದು ಟೋಪಿ ಸಾಕು ಎಂದುಕೊಂಡದ್ದು ಹೇಗೆ?

ನನ್ನ ಕಾರ್ಖಾನೆಯಲ್ಲಿ ವರ್ಷಕ್ಕೆರಡು ಸಲ ಸೈರನ್ ಕೂಗಿಸಿ ನಮ್ಮನ್ನು ಹೊರಗೆ ಓಡಿಸುತ್ತಾರೆ. ಎಲ್ಲಿ ನಿಲ್ಲಬೇಕು, ಯಾರು ತಲೆ ಎಣಿಸಬೇಕು, ಯಾವ ಬೆಂಕಿಗೆ ಯಾವ ಬಣ್ಣದ ಸಿಲಿಂಡರ್, ಎಲ್ಲ ಬಾಯಿಪಾಠ. ಅಲ್ಲಿ ಬೆಂಕಿ ಬಿದ್ದದ್ದನ್ನು ನಾನು ಇಷ್ಟು ವರ್ಷದಲ್ಲಿ ಕಂಡಿಲ್ಲ. ನಮ್ಮೂರಲ್ಲಿ ಪ್ರತಿ ವರ್ಷ ಬೀಳುತ್ತದೆ. ಯಂತ್ರ ಇರುವ ಕಡೆ ತಯಾರಿ, ಜನ ಇರುವ ಕಡೆ ಟೋಪಿ, ಇದು ಯಾವ ಲೆಕ್ಕ ಎಂದು ಬಸ್ಸಿನಲ್ಲಿ ಬರುವಾಗೆಲ್ಲ ಯೋಚಿಸುತ್ತೇನೆ.

ಈಗ ಬೀರೇಶನ ವಿಷಯ. ಅವನು ನನ್ನ ದೊಡ್ಡಪ್ಪನ ಮಗ, ನನಗಿಂತ ಸ್ವಲ್ಪ ಚಿಕ್ಕವನು. ದೊಡ್ಡಪ್ಪ ಇಲ್ಲ. ಮನೆಯಲ್ಲಿ ತಾಯಿ ದೊಡ್ಡಮುನಿಯಮ್ಮ, ಹೆಂಡತಿ ಭಾನು. ಕೋಸು, ಕ್ಯಾಪ್ಸಿಕಂ ಬೆಳೆದು ನೆಮ್ಮದಿಯಾಗಿದ್ದವನು. ಆವತ್ತು ಊಟದ ಹೊತ್ತಿಗೆ ಗುಡ್ಡದ ಮಗ್ಗುಲಲ್ಲಿ ಹೊಗೆ ಎದ್ದಿತು. ಗಾಳಿ ಊರಿನ ಕಡೆಗಿತ್ತು. ಬಣವೆಗಳಿದ್ದವು, ಕೊಟ್ಟಿಗೆಗಳಿದ್ದವು. ನಾನು ಶಿಫ್ಟಿನಲ್ಲಿದ್ದೆ. ಇದ್ದಬದ್ದ ಗಂಡಸರೆಲ್ಲ ಬೆಂಕಿ ಬಡಿಯಲು ಹೊಂಗೆ ಸೊಪ್ಪು ಮುರಿದುಕೊಂಡು ಓಡಿದರು, ಬೀರೇಶ ಎಲ್ಲರಿಗಿಂತ ಮುಂದೆ. ಕಿಡಿ ಹಾರುತ್ತದೆ, ಲಾಂಟಾನದ ಮುಳ್ಳು ಗೀರುತ್ತದೆ ಎಂದು ಎಲ್ಲರೂ ದಪ್ಪ ಜರ್ಕಿನ್ನು, ಸ್ವೆಟರು ಹಾಕಿಕೊಂಡಿದ್ದರು. ನಮ್ಮೂರಲ್ಲಿ ಅದಕ್ಕೇನು ಕಡಿಮೆ, ಪ್ರತಿ ಮನೆಯ ಗೂಟದಲ್ಲೂ ಎರಡು ನೇತಾಡುತ್ತವೆ. ಬೆಂಕಿಯ ಮುಂದೆ ಮೈ ಮುಚ್ಚಿರಬೇಕು ಎಂಬುದು ನಮಗೆ ಗೊತ್ತಿತ್ತು. ಮುಚ್ಚಿದ ಮೈ ಒಳಗೊಳಗೇ ಬೇಯುತ್ತದೆ, ಸರದಿ ಮೇಲೆ ನೆರಳಿಗೆ ಬಂದು ಬಟ್ಟೆ ಸಡಿಲಿಸಿ ನೀರು ಕುಡಿಯಬೇಕು ಎಂಬುದು ಗೊತ್ತಿರಲಿಲ್ಲ. ಬಿಸಿಲು ಇಳಿಯುವ ತನಕ ಬಡಿದರು. ಬೆಂಕಿ ಆರಿತು. ಊರಿನ ಒಂದು ಹುಲ್ಲುಕಡ್ಡಿಯೂ ಸುಡಲಿಲ್ಲ.

ಬೀರೇಶ ಮನೆಗೆ ಬಂದವನೇ ಬಾಗಿಲಲ್ಲಿ ನಿಂತಿದ್ದ ತಾಯಿಯ ಹತ್ತಿರ ತಮಿಳಿನಲ್ಲಿ ಮಾತಾಡಿದ. ಕೂತುಕೊಳ್ಳಿ ಅಮ್ಮಾ, ಸಾರ್ ಈಗ ಬರುತ್ತಾರೆ ಎಂದ. ನಮ್ಮಲ್ಲಿ ಯಾರ ಹತ್ತಿರ ಯಾವ ಭಾಷೆ ಎಂಬುದನ್ನು ಮೂರು ವರ್ಷದ ಮಗುವೂ ತಪ್ಪುವುದಿಲ್ಲ. ಹೆತ್ತ ತಾಯಿಯ ಹತ್ತಿರ ಯಾರಾದರೂ ಕಚೇರಿಯ ತಮಿಳು ಆಡುತ್ತಾರೆಯೇ? ಜೊತೆಗೆ ಬಂದವರು ತಮಾಷೆ ಎಂದುಕೊಂಡು ನಕ್ಕರು. ದೊಡ್ಡಮ್ಮನೂ ನಕ್ಕು, ನನ್ನ ಮಗ ಆಫೀಸರಾಗ್ಬುಟ್ಟ ಎಂದಳಂತೆ. ತಾಪ ತಲೆಗೇರಿದವನು ತಡವರಿಸುತ್ತಾನೆ, ಎಲ್ಲಿದ್ದೇನೆ, ಯಾರ ಮುಂದಿದ್ದೇನೆ ಎಂಬುದು ಅವನಿಗೆ ತಪ್ಪುತ್ತದೆ, ಅದೇ ಮೊದಲ ಅಪಾಯದ ಗುರುತು ಎಂದು ನಿಮ್ಮ ಚೀಟಿಯಲ್ಲಿ ಬರೆದಿದೆ. ಆಮೇಲೆ ಹುಡುಕಿಕೊಂಡು ಹೋಗಿ ಕೆಳಗಿನ ಊರೊಂದರ ಗೋಡೆಯ ಮೇಲೆ ಓದಿದೆ. ನಮ್ಮೂರಿನ ಯಾವ ಗೋಡೆಯ ಮೇಲೂ ಅದಿರಲಿಲ್ಲ, ಅದಕ್ಕೇ ನಮ್ಮವರು ನಕ್ಕರು.

ಆಮೇಲೆ ಅವನು ಗೋಡೆಗೆ ಒರಗಿ ಕುಸಿದ. ಮೈ ಕೆಂಡ, ಕೈಕಾಲು ನಡುಕ. ಜೊತೆಯವರು ಕೈ, ಕಾಲು, ಬೆನ್ನು ಎಲ್ಲ ತಿರುಗಿಸಿ ನೋಡಿದರು. ಎಲ್ಲೂ ಸುಟ್ಟಿಲ್ಲ ಎಂದು ಸಮಾಧಾನಪಟ್ಟುಕೊಂಡು ಅವರವರ ಮನೆಗೆ ಹೋದರು. ಬೆಂಕಿಗೆ ಬೆದರಿ ಜ್ವರ ಬಂದಿದೆ ಎಂದು ದೊಡ್ಡಮ್ಮ ಒಳಗೆ ಮಲಗಿಸಿ, ಕಿಟಕಿ ಮುಚ್ಚಿ, ಕಂಬಳಿ ಹೊದಿಸಿದಳು. ಚಳಿಯ ಊರಿನವರು ನಾವು. ನಮ್ಮಲ್ಲಿ ಯಾವ ಕಾಯಿಲೆಗೂ ಮೊದಲ ಮದ್ದು ಕಂಬಳಿ. ಬಾಣಂತಿಗೆ ಕಂಬಳಿ, ಮಳೆಯಲ್ಲಿ ನೆಂದವನಿಗೆ ಕಂಬಳಿ, ನಡುಗುವ ಜ್ವರಕ್ಕೆ ಕಂಬಳಿ. ಬೆವರು ಬಂದರೆ ಜ್ವರ ಬಿಡುತ್ತದೆ ಎಂದು ನಂಬಿ ಬದುಕಿದ್ದೇವೆ, ಬದುಕಿಸಿಕೊಂಡೂ ಇದ್ದೇವೆ. ಪಕ್ಕದ ಮನೆಯ ಅಕ್ಕಯಮ್ಮ ಸುದ್ದಿ ಕೇಳಿ ತನ್ನ ಕಂಬಳಿಯನ್ನೂ ತಂದು ಮೇಲೆ ಹಾಕಿದಳು. ಭಾನು ಮೆಣಸಿನ ಕಷಾಯ ಕಾಯಿಸಿ ಬಾಯಿಗೆ ಬಿಟ್ಟಳು. ಮೂವರು ಹೆಂಗಸರು ತಮ್ಮ ಜೀವ ಒತ್ತೆಯಿಟ್ಟು ಮಾಡುವ ಹಾಗೆ ಮಾಡಿದರು. ಬೆವರು ಬರಲಿಲ್ಲ. ಕೂಗಿದರೆ ಓಗೊಡುವುದು ನಿಂತ ಮೇಲೆ ಆಂಬುಲೆನ್ಸಿಗೆ ಫೋನು ಮಾಡಿದರು.

ನಾನು ಶಿಫ್ಟ್ ಮುಗಿಸಿ ಹೊಸೂರಿನ ಆಸ್ಪತ್ರೆಗೆ ಓಡಿದೆ. ಡಾಕ್ಟರಮ್ಮ ನನ್ನನ್ನು ಪಕ್ಕಕ್ಕೆ ಕರೆದು, ಇವರಿಗೆ ಹೊದಿಸಿದವರು ಯಾರು ಎಂದು ಕೇಳಿದರು. ನಾನು ಹೇಳಿದೆ. ಅವರು ಬೈಯಲಿಲ್ಲ. ಬಂದ ಕೂಡಲೇ ಬಟ್ಟೆ ಬಿಚ್ಚಿ, ನೆರಳಲ್ಲಿ ಮಲಗಿಸಿ, ಕೊಡಗಟ್ಟಲೆ ನೀರು ಸುರಿದು, ಗಾಳಿ ಬೀಸಬೇಕಿತ್ತು ಎಂದರು. ಉಳಿಯುತ್ತಿದ್ದನೇ ಎಂದು ಕೇಳಿದೆ. ಹೇಳಲಾರೆ, ಆದರೆ ಉಳಿಯುವ ಅವಕಾಶವಿತ್ತು ಎಂದರು. ಹೊರಗೆ ಬೆಂಚಿನ ಮೇಲೆ ದೊಡ್ಡಮ್ಮ ಕೂತಿದ್ದಳು. ಡಾಕ್ಟರ್ ಏನಂದ್ರು ಎಂದು ಕೇಳಿದಳು. ನೋಡ್ತಾ ಇದ್ದಾರೆ ಎಂದೆ. ಮಾರನೆಯ ದಿನ ಬೀರೇಶ ಹೋದ.

ಅವನು ಸತ್ತದ್ದು ಯಾವುದಕ್ಕೆ ಎಂದು ತೀರ್ಮಾನಿಸಲು ಆಮೇಲೆ ಕಚೇರಿ ಕಚೇರಿ ಅಲೆದೆ. ಮೈಮೇಲೆ ಸುಟ್ಟ ಗಾಯವಿಲ್ಲ, ಆದ್ದರಿಂದ ಬೆಂಕಿಗೆ ಸತ್ತವನಲ್ಲ. ಊರು ತಂಪು ಪ್ರದೇಶದಲ್ಲಿದೆ, ಆದ್ದರಿಂದ ಬಿಸಿಲಿಗೆ ಸತ್ತವನೂ ಅಲ್ಲ. ಕೊನೆಗೆ ಎಲ್ಲರೂ ಸೇರಿ ಜ್ವರ ಎಂದರು. ಒಂದು ಊರನ್ನು ಬೆಂಕಿಯಿಂದ ಉಳಿಸಿದವನು ನಿಮ್ಮ ಪ್ರಕಾರ ಜ್ವರ ಬಂದು ಸತ್ತ. ನಾನು ಪರಿಹಾರ ಕೇಳಲು ಅಲೆದದ್ದಲ್ಲ. ತಾಪ ಎಂದು ಒಂದು ಕಡೆ ಒಪ್ಪಿಕೊಂಡಿದ್ದರೆ, ನಮ್ಮ ಕಡೆಯೂ ಜನ ತಾಪಕ್ಕೆ ಸಾಯುತ್ತಾರೆ ಎಂದು ನಿಮಗೆ ಗೊತ್ತಾಗುತ್ತಿತ್ತು, ನೀವು ಬರುತ್ತಿದ್ದಿರಿ ಎಂದು ಅಲೆದೆ.

ಡಾಕ್ಟರ್ ಹೇಳಿದ್ದನ್ನು ನೀನೇ ಊರಿಗೆ ಹೇಳಬಹುದಿತ್ತಲ್ಲ ಎಂದು ನೀವು ಕೇಳಬಹುದು. ಕೇಳಿ. ನಮ್ಮದು ಚಿಕ್ಕ ಊರು. ಬೀರೇಶನಿಗೆ ಕಂಬಳಿ ಹೊದಿಸಿದ್ದು ಯಾರು ಎಂದು ಎಲ್ಲರಿಗೂ ಗೊತ್ತು. ತಾಪಕ್ಕೆ ಬಿದ್ದವನಿಗೆ ಹೊದಿಸಬೇಡಿ ಎಂದು ಒಂದು ಮನೆಯಲ್ಲಿ ಹೇಳಿದರೆ, ಸಂಜೆಯೊಳಗೆ ಅದು ದೊಡ್ಡಮ್ಮನ ಕಿವಿಗೆ ಬೇರೆ ಮಾತಾಗಿ ಬೀಳುತ್ತದೆ, ನಿನ್ನ ಮಗನನ್ನು ಕೊಂದವಳು ನೀನೇ ಎಂದು. ಹೇಳದಿದ್ದರೆ ಇನ್ನೊಬ್ಬರು ಸಾಯುತ್ತಾರೆ. ಹೇಳಿದರೆ ಇವಳು ಬದುಕಿದ್ದೂ ಸಾಯುತ್ತಾಳೆ. ನೀವು ಮೊದಲೇ ಹೇಳಿದ್ದರೆ ಅದು ಬರೀ ಒಂದು ತಿಳುವಳಿಕೆಯ ಮಾತಾಗಿರುತ್ತಿತ್ತು. ಈಗ ಅದು ತೀರ್ಪಾಗಿದೆ. ಆ ತೀರ್ಪು ಓದುವ ಕೆಲಸವನ್ನು ನನ್ನ ತಲೆಗೆ ಕಟ್ಟಿ ನೀವು ಅಲ್ಲಿ ಆರಾಮವಾಗಿ ಕೂತಿದ್ದೀರಿ.

ಈ ತಿಂಗಳ ಮೊದಲ ವಾರ ಅದು ನನ್ನ ಕೈ ಮೀರಿತು. ಅಕ್ಕಯಮ್ಮನ ಮೊಮ್ಮಗಳು ವೆಂಕಟಲಕ್ಷ್ಮಿ ಗುಲಾಬಿ ಬೆಳೆಯುವ ಪ್ಲಾಸ್ಟಿಕ್ ಮನೆಯಲ್ಲಿ ಕೆಲಸ ಮಾಡುತ್ತಾಳೆ. ಬಿಸಿಲೇರಿದರೆ ಅಲ್ಲಿ ಗಿಡಗಳಿಗೆ ನೆರಳಿನ ಪರದೆ ಎಳೆಯುತ್ತಾರೆ, ಮೇಲಿಂದ ತಣ್ಣಗೆ ಮಂಜು ಬಿಡುತ್ತಾರೆ. ಆವತ್ತು ಮೋಟಾರು ಕೆಟ್ಟಿತ್ತಂತೆ. ಮಧ್ಯಾಹ್ನ ಅವಳನ್ನು ಜೀಪಿನಲ್ಲಿ ತಂದು ಅಕ್ಕಯಮ್ಮನ ಜಗಲಿಯ ಮೇಲೆ ಮಲಗಿಸಿ ಹೋದರು. ಕಣ್ಣು ಮೇಲಾಗಿತ್ತು, ಏನೇನೋ ಗೊಣಗುತ್ತಿದ್ದಳು. ನಾನು ರಾತ್ರಿ ಶಿಫ್ಟ್ ಮುಗಿಸಿ ಮನೆಯಲ್ಲಿದ್ದೆ. ಗಲಾಟೆ ಕೇಳಿ ಹೋಗುವಷ್ಟರಲ್ಲಿ ದೊಡ್ಡಮ್ಮ ಅಲ್ಲಿಗೆ ಬಂದು ಆಗಿತ್ತು. ಊರಲ್ಲಿ ಯಾರಿಗೆ ಹುಷಾರಿಲ್ಲದಿದ್ದರೂ ಆಕೆಯನ್ನೇ ಕರೆಯುವುದು. ಬರುವಾಗ ತಾನೇ ಕಂಬಳಿ ತಂದು ಹುಡುಗಿಗೆ ಕುತ್ತಿಗೆಯ ತನಕ ಹೊದಿಸಿ, ಅಂಚನ್ನು ಮೈಯಡಿಗೆ ಸಿಕ್ಕಿಸುತ್ತಿದ್ದಳು.

ಅದನ್ನು ಎಳೆದು ಬಿಸಾಕಿದೆ. ಹೇಳಲು, ಯೋಚಿಸಲು ಹೊತ್ತಿರಲಿಲ್ಲ. ಡ್ರಮ್ಮಿನಿಂದ ನೀರು ತೋಡಿ ತೋಡಿ ಹುಡುಗಿಯ ಮೇಲೆ ಸುರಿದೆ. ಅಕ್ಕಯಮ್ಮನಿಗೆ ಮೊರ ಕೊಟ್ಟು ಬೀಸಲು ಹೇಳಿದೆ, ಭಾನುವಿಗೆ ಒದ್ದೆ ಬಟ್ಟೆಯನ್ನು ಕುತ್ತಿಗೆಗೆ, ಕಂಕುಳಿಗೆ ಇಡಲು ಹೇಳಿದೆ. ಅಕ್ಕಯಮ್ಮ ಮೊಮ್ಮಗಳನ್ನು ಕೊಲ್ಲುತ್ತಿದ್ದಾನೆ ಎಂದು ನನ್ನನ್ನು ಬೈಯುತ್ತಲೇ ಬೀಸಿದಳು. ಆಂಬುಲೆನ್ಸ್ ಬರುವ ಹೊತ್ತಿಗೆ ವೆಂಕಟಲಕ್ಷ್ಮಿ ಕಣ್ಣು ಬಿಟ್ಟು, ನನ್ನ ಚಪ್ಪಲಿ ಎಲ್ಲಿ ಎಂದು ಕೇಳಿದಳು. ಎರಡು ದಿನ ಆಸ್ಪತ್ರೆಯಲ್ಲಿದ್ದು ಮನೆಗೆ ಬಂದಿದ್ದಾಳೆ, ಚೆನ್ನಾಗಿದ್ದಾಳೆ.

ಅಷ್ಟೂ ಹೊತ್ತು ದೊಡ್ಡಮ್ಮ ಕಂಬಕ್ಕೆ ಒರಗಿ ನೋಡುತ್ತಾ ನಿಂತಿದ್ದಳು. ಆಂಬುಲೆನ್ಸ್ ಹೋದ ಮೇಲೆ ನಾನು ಬಿಸಾಕಿದ ಕಂಬಳಿಯನ್ನು ಎತ್ತಿ, ಕೊಡವಿ, ಮಡಚಿ ಕೈಮೇಲೆ ಹಾಕಿಕೊಂಡಳು.

“ಲಾ ಉಮಾ, ಬೀರೇಶಂಗೂ ಇಂಗೇ ಮಾಡ್ಬೇಕಾಗಿತ್ತೇನ್ಲಾ?” ಎಂದು ನನ್ನನ್ನು ಕೇಳಿದಳು.

ನಾನು ಮುಖ ತಿರುಗಿಸಿ ಡ್ರಮ್ಮಿನ ಮುಚ್ಚಳ ಮುಚ್ಚಿದೆ. ಅದೇ ಉತ್ತರವಾಯಿತು.

“ನಂಗ್ಯಾರೂ ಹೇಳ್ನಿಲ್ವಲ್ಲೋ,” ಎಂದಳು. ಅಳಲಿಲ್ಲ. ಮನೆಗೆ ಹೋದಳು.

ಆವತ್ತಿನಿಂದ ದೊಡ್ಡಮ್ಮ ಕಂಬಳಿ ಹೊದೆಯುವುದಿಲ್ಲ. ನಮ್ಮಲ್ಲಿ ಇನ್ನೂ ರಾತ್ರಿ ಚಳಿಯಿದೆ. ಭಾನು ಹೊದಿಸಿದರೆ ತೆಗೆದು ಪಕ್ಕಕ್ಕಿಡುತ್ತಾಳೆ. ಹಣೆಬರಹ ಎಂದು ಸಮಾಧಾನ ಹೇಳಲು ಬಂದವರಿಗೆ ನೀರು ಕೊಟ್ಟು ಕಳಿಸುತ್ತಾಳೆ. ಒಂದೇ ಒಂದು ಪ್ರಶ್ನೆ ಹಿಡಿದು ಕೂತಿದ್ದಾಳೆ. ಊರಿಗೆ ಯಾರು ಬಂದರೂ ಅದನ್ನೇ ಕೇಳುತ್ತಾಳೆ. ಮೇಷ್ಟ್ರನ್ನು ಕೇಳಿದಳು, ನಿಮ್ಗೆ ಗೊತ್ತಿತ್ತಾ ಎಂದು. ಅವರು ಪುಸ್ತಕದಲ್ಲಿ ಓದಿದ ನೆನಪು ಎಂದರು. ಗಾರ್ಡನ್ನು ಕೇಳಿದಳು. ಆ ಹುಡುಗ ತಲೆ ತಗ್ಗಿಸಿಕೊಂಡು, ನನಗೂ ಯಾರೂ ಹೇಳಿರಲಿಲ್ಲ ಅಜ್ಜಿ ಎಂದ. ತಿಂಗಳಿಗೊಮ್ಮೆ ಬರುವ ನರ್ಸಮ್ಮನನ್ನು ಕೇಳಿದಳು. ಆಕೆ ಸುಳ್ಳು ಹೇಳಲಾರದೆ, ಗೊತ್ತಿತ್ತಮ್ಮ, ನಿಮ್ಮ ಕಡೆಗೆ ಹೇಳಬೇಕು ಅಂತ ಮೇಲಿನಿಂದ ಬಂದಿರಲಿಲ್ಲ ಎಂದಳು. ಮೇಲಿನಿಂದ ಅಂದ್ರೆ ಯಾರು ಎಂದು ದೊಡ್ಡಮ್ಮ ನನ್ನನ್ನು ಕೇಳಿದಳು. ನೀವು ಎಂದು ಹೇಳಿದ್ದೇನೆ. ಪತ್ರಿಕೆಗೆ ಬರೆಯಲಾ, ನಿನ್ನ ಹೆಸರೂ ಬರುತ್ತದೆ ಎಂದೆ.

“ಬರ್ಕೋ. ಇನ್ನೊಬ್ಳು ತಾಯಿ ಹೊದಿಸ್ಬಾರ್ದು. ಅವ್ರು ಬರ್ಲಿ, ನಾನು ಕೇಳ್ಬೇಕು,” ಎಂದಳು.

ಆದ್ದರಿಂದ ಮಾನ್ಯರೇ, ಈ ವಾರವೇ ಬನ್ನಿ. ಹಗಲು ಬರಬೇಡಿ, ದೀಪ ಹಚ್ಚುವ ಹೊತ್ತಿಗೆ ಬನ್ನಿ, ಹೆಂಗಸರು ತೋಟದಿಂದ ಬಂದಿರುತ್ತಾರೆ. ತಂಪು ಪ್ರದೇಶ ಎಂಬ ಬಿರುದನ್ನು ವಾಪಸು ತೆಗೆದುಕೊಂಡು ಬನ್ನಿ. ಯಾವ ಭಾಷೆಯಲ್ಲಾದರೂ ಸರಿ, ತಾಪದ ಗುರುತುಗಳನ್ನು ಮನೆಮನೆಗೆ ಹೇಳಿಸಿ, ಬಿದ್ದವರ ಮೇಲೆ ನೀರು ಸುರಿಯುವುದನ್ನು ನಮ್ಮ ಹೆಂಗಸರ ಕೈಯಿಂದಲೇ ಒಂದು ಸಲ ಮಾಡಿಸಿ. ಕಾಡಿಗೂ ಊರಿಗೂ ನಡುವಿನ ಹುಲ್ಲನ್ನು ಸವರಲು ಗಾರ್ಡಿನ ಜೊತೆ ನಮಗೂ ಅಪ್ಪಣೆ ಕೊಡಿಸಿ, ನಮ್ಮ ಕುಡುಗೋಲು ನಾವೇ ತರುತ್ತೇವೆ. ಬೆಂಕಿ ಬಡಿಯಲು ನಮ್ಮನ್ನು ಕರೆಯುವ ದಿನ ನೆರಳಿನಲ್ಲಿ ಒಂದು ನೀರಿನ ಟ್ಯಾಂಕು ನಿಲ್ಲಿಸಿ. ಬಡಿಯುವವರ ಮುಖ ನೋಡುತ್ತಾ, ತಡವರಿಸಿದವನನ್ನು ಎಳೆದು ಕೂರಿಸುವುದಕ್ಕೇ ಒಬ್ಬರನ್ನು ಇಡಿ. ಬಿಸಿಲೇರಿದಾಗ ಪ್ಲಾಸ್ಟಿಕ್ ಮನೆಗಳಿಂದ ಹೆಂಗಸರನ್ನು ಹೊರಗೆ ಬಿಡಬೇಕೆಂದು ಮಾಲೀಕರಿಗೆ ತಾಕೀತು ಮಾಡಿ. ಇದರಲ್ಲಿ ಯಾವುದೂ ನಿಮ್ಮ ಕೈಲಾಗದ ಕೆಲಸವಲ್ಲ.

ಇದೆಲ್ಲಕ್ಕಿಂತ ಮೊದಲು ದೊಡ್ಡಮುನಿಯಮ್ಮನ ಜಗಲಿಗೆ ಬಂದು ಕೂತುಕೊಳ್ಳಿ. ಆಕೆ ನಿಮ್ಮನ್ನೂ ಅದೇ ಪ್ರಶ್ನೆ ಕೇಳುತ್ತಾಳೆ. ಆಗ ಆದೇಶ, ವ್ಯಾಪ್ತಿ, ಪ್ರದೇಶ ಎಂದು ಶುರು ಮಾಡಬೇಡಿ. ನಮಗೆ ಗೊತ್ತಿತ್ತು, ನಾವು ನಿಮಗೆ ಹೇಳಲಿಲ್ಲ ಎಂದು ಹೇಳಿ. ಅಷ್ಟನ್ನು ನೀವು ಹೇಳಿದರೆ, ನಿನಗೆ ಗೊತ್ತಿರಲಿಲ್ಲ ಎಂದು ನಾವು ಆಕೆಗೆ ಹೇಳಬಹುದು.

ಇಂತಿ,
ಈ ಬೇಸಿಗೆಯಲ್ಲೂ ನಿಮ್ಮವರ ಫೋನು ಬಂದರೆ ಸೊಪ್ಪು ಮುರಿದುಕೊಂಡು ಓಡಲೇಬೇಕಾದವನು,
ಉಮಾಶಂಕರ್
ತಳಿಯಾಚೆಯ ಕಾಡಂಚಿನಿಂದ